ಅರಿಶಿನ ಬೇಡ, ನಲ್ಲಿ ನೀರೂ ಬೇಡ: ಗಾಯಗೊಂಡ ಸಲಮಾಂಡರ್ ಮನೆಯಂಗಳದಲ್ಲಿ ಸಿಕ್ಕಾಗ

ಪ್ರಶ್ನೆ: ನಾವು ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್ ಸಮೀಪ ಇದ್ದೇವೆ. ಮನೆಯ ಹಿಂದೆ ಕಾಡು, ಮುಂದಿನ ರಸ್ತೆಯಾಚೆ ನೀರು ನಿಲ್ಲುವ ತಗ್ಗು. ಮಾರ್ಚ್ ಕೊನೆಯ ವಾರ ರಾತ್ರಿಯಿಡೀ ಮಳೆ ಸುರಿದಿತ್ತು. ಬೆಳಿಗ್ಗೆ ಕಾರು ತೆಗೆಯಲು ಹೋದಾಗ ಡ್ರೈವ್‌ವೇ ಮೇಲೆ ಗೇಣುದ್ದದ ಕಪ್ಪು ಪ್ರಾಣಿಯೊಂದು ಬಿದ್ದಿತ್ತು. ಬೆನ್ನಿನ ಮೇಲೆ ಎರಡು ಸಾಲು ಹಳದಿ ಚುಕ್ಕೆ. ತಲೆ ರಸ್ತೆಯ ಕಡೆಗಿತ್ತು. ಬಾಲದ ತುದಿ ಜಜ್ಜಿಹೋಗಿದೆ, ಎಡ ಹಿಂಗಾಲಿನಲ್ಲಿ ಎರಡು ಬೆರಳುಗಳಿಲ್ಲ. ರಾತ್ರಿ ನಮ್ಮ ಕಾರೇ ಹಾಯ್ದಿರಬೇಕು ಎಂದು ನೆನೆದರೆ ಸಂಕಟವಾಗುತ್ತದೆ. ತೀರ್ಥಹಳ್ಳಿಯಿಂದ ಬಂದಿರುವ ನನ್ನ ಅತ್ತೆಯವರು ಮೊದಲು "ಇದು ಹಾವುರಾಣಿ, ವಿಷದ್ದು, ಮುಟ್ಟಬೇಡಿ" ಎಂದರು. ಸ್ವಲ್ಪ ಹೊತ್ತಿಗೆ ಅವರಿಗೇ ಕನಿಕರ ಹುಟ್ಟಿ, ಗಾಯಕ್ಕೆ ಅರಿಶಿನ ಹಚ್ಚೋಣ ಎನ್ನುತ್ತಿದ್ದಾರೆ. ಎಂಟು ವರ್ಷದ ಮಗ ಅದು ವಾಸಿಯಾಗುವವರೆಗೆ ನಾವೇ ಸಾಕಬೇಕು ಎಂದು ಹಟ ಹಿಡಿದಿದ್ದಾನೆ. ಸದ್ಯ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಒಂದಿಂಚು ನಲ್ಲಿ ನೀರು ಹಾಕಿ ಅಡುಗೆಮನೆಯಲ್ಲಿ ಇಟ್ಟಿದ್ದೇವೆ. ಎರಡು ದಿನದಿಂದ ಏನೂ ತಿಂದಿಲ್ಲ. ಬಾಲ ಮುಟ್ಟಿದಾಗ ಬಿಳಿ ಹಾಲಿನಂಥದು ಬಂತು, ಅದು ಕೀವೇ? ಬಾಲ ಮತ್ತೆ ಬೆಳೆಯುತ್ತದೆಯೇ? ನಾವೀಗ ಏನು ಮಾಡಬೇಕು, ಡಾಕ್ಟರೇ?

ಉತ್ತರ: ನಿಮ್ಮ ಪತ್ರ ಕೈಸೇರಿದ ಕೂಡಲೇ ನಾಲ್ಕು ಸಾಲು ಬರೆದು ಕಳುಹಿಸಿದ್ದೆ. ನಲ್ಲಿ ನೀರನ್ನು ಚೆಲ್ಲಿ, ಅಂಗಡಿಯಲ್ಲಿ ಸಿಗುವ ಸ್ಪ್ರಿಂಗ್ ವಾಟರ್‌ನಲ್ಲಿ ನೆನೆಸಿದ, ಸುವಾಸನೆ ಹಾಕದ ಪೇಪರ್ ಟವೆಲ್ ಹಾಸಿ. ಪೆಟ್ಟಿಗೆಯನ್ನು ಅಡುಗೆಮನೆಯಿಂದ ತಣ್ಣನೆಯ ಬೇಸ್‌ಮೆಂಟಿನ ಕತ್ತಲೆಗೆ ಸಾಗಿಸಿ. ಅರಿಶಿನ, ಮುಲಾಮು ಯಾವುದೂ ಬೇಡ. ಏನನ್ನೂ ತಿನ್ನಿಸಲು ಹೋಗಬೇಡಿ. ನೀವು ಹಾಗೆಯೇ ಮಾಡಿ ಮರುದಿನ ಚಿತ್ರಗಳನ್ನು ಕಳುಹಿಸಿದಿರಿ. ಅವುಗಳನ್ನು ನೋಡಿ ನನ್ನ ಮನಸ್ಸು ಹಗುರವಾಯಿತು. ಪ್ರಾಣಿ ನಾಲ್ಕೂ ಕಾಲುಗಳ ಮೇಲೆ ನಿಂತಿದೆ, ಹೊಟ್ಟೆಯ ಚರ್ಮದಲ್ಲಿ ಕೆಂಪಿಲ್ಲ, ಬೆನ್ನು ಸೊಟ್ಟಗಾಗಿಲ್ಲ. ಅದು ಬದುಕುವ ಸಾಧ್ಯತೆ ಚೆನ್ನಾಗಿದೆ. ಇಂಥ ಪ್ರಶ್ನೆ ಪ್ರತಿ ವಸಂತದಲ್ಲೂ ಅಮೆರಿಕದ ಪೂರ್ವ ಕರಾವಳಿಯ ಕನ್ನಡಿಗರ ಮನೆಗಳಿಂದ ಒಂದೆರಡಾದರೂ ಬರುವುದರಿಂದ, ಉಳಿದ ವಿವರವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ನಿಮಗೆ ಸಿಕ್ಕಿರುವುದು ಚುಕ್ಕೆ ಸಲಮಾಂಡರ್. ಅಂಬಿಸ್ಟೋಮಾ ಮ್ಯಾಕ್ಯುಲೇಟಮ್ ಎಂಬುದು ಅದರ ವೈಜ್ಞಾನಿಕ ಹೆಸರು. ಅತ್ತೆಯವರು ಅದನ್ನು ಹಾವುರಾಣಿ ಎಂದದ್ದರಲ್ಲಿ ಆಶ್ಚರ್ಯವಿಲ್ಲ. ನಾಲ್ಕು ಗಿಡ್ಡ ಕಾಲು, ಉದ್ದ ಬಾಲ, ಹೊಳೆಯುವ ಮೈ ಇರುವ ಪ್ರಾಣಿಯೆಂದರೆ ಮಲೆನಾಡಿನಲ್ಲಿ ಹಾವುರಾಣಿಯೇ, ಏಕೆಂದರೆ ನಮ್ಮ ಪಶ್ಚಿಮ ಘಟ್ಟದಲ್ಲಿ ಸಲಮಾಂಡರ್‌ಗಳೇ ಇಲ್ಲ. ಭಾರತದಲ್ಲಿ ಅವು ಇರುವುದು ಡಾರ್ಜಿಲಿಂಗ್‌ನಿಂದ ಪೂರ್ವಕ್ಕೆ ಹಬ್ಬಿದ ಬೆಟ್ಟಗಳಲ್ಲಿ ಮಾತ್ರ. ಆದರೆ ಹಾವುರಾಣಿ ಹಲ್ಲಿಯ ಕಡೆಯದು. ಅದರ ಮೈಮೇಲೆ ಒಣ ಹುರುಪೆಗಳಿವೆ, ಬಿಸಿಲು ಕಾಯುತ್ತದೆ. ಸಲಮಾಂಡರ್ ಕಪ್ಪೆಯ ಕಡೆಯದು. ಮೈಮೇಲೆ ಹುರುಪೆಯಿಲ್ಲ, ಕಾಲ್ಬೆರಳಿಗೆ ಉಗುರಿಲ್ಲ, ಬಿಸಿಲು ಬಿದ್ದರೆ ಒಣಗಿ ಸಾಯುತ್ತದೆ. ಹಲ್ಲಿಗೆ ಮಾಡುವ ಉಪಚಾರ ಕಪ್ಪೆಯ ಜಾತಿಯದಕ್ಕೆ ಸಲ್ಲುವುದಿಲ್ಲವಾದ್ದರಿಂದ ಈ ವ್ಯತ್ಯಾಸವನ್ನು ಮೊದಲೇ ಹೇಳಬೇಕಾಯಿತು. ಅಂದಹಾಗೆ, ಹಾವುರಾಣಿಗೂ ವಿಷವಿಲ್ಲ. ಅದೂ ಪಾಪದ ಪ್ರಾಣಿಯೇ.

ಅದು ನಿಮ್ಮ ಡ್ರೈವ್‌ವೇಗೆ ಯಾಕೆ ಬಂತು? ಚುಕ್ಕೆ ಸಲಮಾಂಡರ್ ವರ್ಷದ ಬಹುಭಾಗ ನೆಲದೊಳಗೆ, ಇಲಿ ಹೆಗ್ಗಣಗಳು ತೋಡಿದ ಬಿಲಗಳಲ್ಲಿ, ತರಗೆಲೆಯ ಅಡಿಯಲ್ಲಿ ಇರುತ್ತದೆ. ನಿಮ್ಮ ಮನೆಯ ಹಿಂದೆ ಹತ್ತು ವರ್ಷದಿಂದ ಇದ್ದರೂ ನೀವು ಕಂಡಿರಲಾರಿರಿ. ನೆಲದ ಹೆಪ್ಪು ಕರಗಿ, ವಸಂತದ ಮೊದಲ ಬೆಚ್ಚನೆಯ ಮಳೆ ರಾತ್ರಿಯಲ್ಲಿ ಸುರಿದಾಗ ಮಾತ್ರ ಅವು ಒಟ್ಟೊಟ್ಟಾಗಿ ಮೇಲೆದ್ದು, ಹಿಮ ಕರಗಿದ ನೀರು ನಿಂತ ಹೊಂಡಗಳತ್ತ ಮೊಟ್ಟೆಯಿಡಲು ಹೊರಡುತ್ತವೆ. ಬೇಸಿಗೆಗೆ ಒಣಗುವ ಈ ಹೊಂಡಗಳಲ್ಲಿ ಮೀನುಗಳಿರುವುದಿಲ್ಲ. ಮೊಟ್ಟೆ, ಮರಿ ಉಳಿಯುವುದು ಅದೇ ಕಾರಣಕ್ಕೆ. ಒಂದೊಂದು ಪ್ರಾಣಿಯೂ ವರ್ಷವರ್ಷವೂ ಅದೇ ಹೊಂಡಕ್ಕೆ ಮರಳುತ್ತದೆ. ಇಪ್ಪತ್ತು ವರ್ಷ ದಾಟಿಯೂ ಬದುಕಬಲ್ಲ ಜೀವ ಅದು. ನಿಮ್ಮ ರಸ್ತೆ, ಬಡಾವಣೆ ಆಗುವ ಮೊದಲೇ ಅದರ ತಾಯಿ, ಅಜ್ಜಿಯರು ಇದೇ ದಾರಿಯಲ್ಲಿ ನಡೆದಿರಬಹುದು.

ನಿಮ್ಮ ಊರಿನ ಬೀಕ್‌ಮನ್ ರಸ್ತೆಯನ್ನು ಈ ಕಾಲದ ಮಳೆ ರಾತ್ರಿಗಳಲ್ಲಿ ವಾಹನಗಳಿಗೆ ಮುಚ್ಚುವುದು ಇವುಗಳಿಗಾಗಿಯೇ. ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿ 1987ರಲ್ಲೇ ಹೆನ್ರಿ ಬೀದಿಯ ಅಡಿಯಲ್ಲಿ ಇವು ದಾಟಲೆಂದು ಪುಟ್ಟ ಸುರಂಗಗಳನ್ನು ಕಟ್ಟಿದರು. ಇಷ್ಟೆಲ್ಲ ಮಾಡಿಯೂ ಪ್ರತಿ ವರ್ಷ ಚಕ್ರದಡಿ ಸಿಗುವವು ಸಿಗುತ್ತವೆ. ಮಳೆಯ ಕತ್ತಲೆಯಲ್ಲಿ ಕಪ್ಪು ಡಾಂಬರಿನ ಮೇಲಿನ ಕಪ್ಪು ಪ್ರಾಣಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಕಾರೇ ಹಾಯ್ದಿದ್ದರೂ ಅದು ನಿಮ್ಮ ಅಲಕ್ಷ್ಯದಿಂದ ಆದದ್ದಲ್ಲ. ಆ ಸಂಕಟವನ್ನು ದಯವಿಟ್ಟು ಹೊತ್ತುಕೊಂಡು ಕೂರಬೇಡಿ.

ಈಗ ವಿಷದ ಮಾತು. ಚುಕ್ಕೆ ಸಲಮಾಂಡರ್ ಕಚ್ಚಿ ವಿಷವೂಡುವ ಪ್ರಾಣಿಯಲ್ಲ. ಅದರ ಬೆನ್ನು ಮತ್ತು ಬಾಲದ ಚರ್ಮದಲ್ಲಿ ಗ್ರಂಥಿಗಳಿವೆ. ಹೆದರಿದಾಗ, ಹಿಸುಕಿದಾಗ ಅವುಗಳಿಂದ ಬಿಳಿಯ ಅಂಟುದ್ರವ ಒಸರುತ್ತದೆ. ನೀವು ಕೀವು ಎಂದುಕೊಂಡದ್ದು ಇದೇ. ತಿನ್ನಲು ಬಂದ ಪ್ರಾಣಿಯ ಬಾಯಿಗೆ ಅದು ಕಹಿ, ನಮ್ಮ ಕಣ್ಣಿಗೋ ಬಾಯಿಗೋ ತಾಗಿದರೆ ಉರಿ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆದರೆ ಸಾಕು. ಇಂಥ ಪ್ರಾಣಿಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಹೇಗೂ ಕೈ ತೊಳೆಯಲೇಬೇಕು. ಕ್ಯಾಲಿಫೋರ್ನಿಯಾ, ಆರೆಗನ್, ಸಿಯಾಟಲ್ ಕಡೆಯ ಓದುಗರಿಗೆ ಮಾತ್ರ ಬೇರೆಯೇ ಎಚ್ಚರಿಕೆ ಹೇಳಬೇಕು. ಅಲ್ಲಿನ ಒರಟು ಚರ್ಮದ, ಕಿತ್ತಳೆ ಹೊಟ್ಟೆಯ ನ್ಯೂಟ್ ಎಂಬ ಸಲಮಾಂಡರ್‌ನ ಮೈಯಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ಮಾರಕ ವಿಷವಿದೆ. 1979ರಲ್ಲಿ ಆರೆಗನ್‌ನಲ್ಲಿ ಯುವಕನೊಬ್ಬ ಪಂಥಕ್ಕೆ ಬಿದ್ದು ಅದನ್ನು ನುಂಗಿ ಪ್ರಾಣ ಕಳೆದುಕೊಂಡ. ಅದನ್ನೂ ಮುಟ್ಟಿದ ಮಾತ್ರಕ್ಕೆ ಅಪಾಯವಿಲ್ಲ, ಆದರೆ ಏನು ಸಿಕ್ಕರೂ ಬಾಯಿಗೆ ಹಾಕುವ ಪುಟ್ಟ ಮಕ್ಕಳಿರುವ ಮನೆಯೊಳಗೆ ಅದನ್ನು ತರಲೇಬಾರದು.

ನಿಮ್ಮ ಮನೆಯಲ್ಲಿ ಅಪಾಯ ಇದ್ದದ್ದು ಸಲಮಾಂಡರ್‌ನಿಂದ ನಿಮಗಲ್ಲ, ನಿಮ್ಮಿಂದ ಸಲಮಾಂಡರ್‌ಗೆ. ಹಾಗೆಂದರೆ ಬೇಸರಿಸಬೇಡಿ. ಇದಕ್ಕೆ ಕಾರಣ ಅದರ ಚರ್ಮ.

ನಮ್ಮ ಚರ್ಮದ ಹೊರಪದರ ಸತ್ತ ಕೋಶಗಳ ದಪ್ಪ ಹೊದಿಕೆ. ಮೇಲೆ ಬಿದ್ದದ್ದರಲ್ಲಿ ಬಹುಪಾಲು ಒಳಗೆ ಇಳಿಯುವುದಿಲ್ಲ. ಸಲಮಾಂಡರ್‌ಗೆ ಆ ಗೋಡೆ ಇಲ್ಲ. ಅದು ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಉಸಿರಾಟದಲ್ಲೂ ಚರ್ಮಕ್ಕೆ ದೊಡ್ಡ ಪಾಲಿದೆ. ಚುಕ್ಕೆ ಸಲಮಾಂಡರ್‌ಗೆ ಶ್ವಾಸಕೋಶವಾದರೂ ಇದೆ. ನಿಮ್ಮ ಹಿತ್ತಲಿನ ಮರದ ದಿಮ್ಮಿ ಎತ್ತಿದರೆ ಸಿಗುವ ಬೆರಳುದ್ದದ ಕೆಂಬೆನ್ನಿನ ಸಲಮಾಂಡರ್‌ಗೆ ಅದೂ ಇಲ್ಲ, ಚರ್ಮ ಮತ್ತು ಬಾಯಿಯ ಒಳಪದರಗಳೇ ಅದರ ಶ್ವಾಸಕೋಶ. ಹೀಗಿರುವಾಗ ಅದರ ಮೈಗೆ ತಾಗಿದ್ದೆಲ್ಲವೂ ನೇರವಾಗಿ ರಕ್ತಕ್ಕೆ ಸೇರುತ್ತದೆ. ನಲ್ಲಿ ನೀರಿನ ಕ್ಲೋರಿನ್ ಸೇರುತ್ತದೆ. ಕೆಲವು ಊರುಗಳ ನೀರಿಗೆ ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗಬಹುದು, ಕ್ಲೋರಮೈನ್ ಹೋಗುವುದಿಲ್ಲ. ಆದ್ದರಿಂದಲೇ ಸ್ಪ್ರಿಂಗ್ ವಾಟರ್ ಎಂದೆ. ನಿಮ್ಮ ಕೈಯ ಸ್ಯಾನಿಟೈಸರ್, ಲೋಷನ್, ಸೊಳ್ಳೆ ಕಡಿಯದಂತೆ ಹಚ್ಚಿಕೊಂಡ ಔಷಧಿ, ಬೆವರಿನ ಉಪ್ಪು ಎಲ್ಲವೂ ಸೇರುತ್ತವೆ. ಎತ್ತಲೇಬೇಕಾದಾಗ ಪುಡಿ ಹಾಕದ ವಿನೈಲ್ ಅಥವಾ ನೈಟ್ರೈಲ್ ಕೈಗವಸನ್ನು ಆ ಶುದ್ಧ ನೀರಿನಲ್ಲೇ ತೊಳೆದು ಹಾಕಿಕೊಳ್ಳಿ. ಅದಕ್ಕಿಂತ ಸುಲಭವೆಂದರೆ ಒದ್ದೆ ಎಲೆಗಳ ಸಮೇತ ಪ್ಲಾಸ್ಟಿಕ್ ಡಬ್ಬಿಯೊಳಗೆ ಅದೇ ನಡೆದು ಬರುವಂತೆ ಮಾಡುವುದು.

ಅರಿಶಿನದ ಬಗ್ಗೆ ಅತ್ತೆಯವರಿಗೆ ಬಿಡಿಸಿ ಹೇಳಿ. ನನ್ನ ಅಜ್ಜಿಯೂ ಕರುವಿನ ಗಾಯಕ್ಕೆ ಅರಿಶಿನ, ಬೇವಿನೆಣ್ಣೆ ಹಚ್ಚಿ ವಾಸಿ ಮಾಡುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಕರುವಿನ ಚರ್ಮ ಅದನ್ನು ತಾಳುತ್ತದೆ. ಸಲಮಾಂಡರ್‌ನ ಮೈಮೇಲಿನ ಲೋಳೆಯನ್ನು ಒಣ ಪುಡಿ ಹೀರಿಬಿಡುತ್ತದೆ, ಎಣ್ಣೆ ಹಚ್ಚಿದರೆ ಉಸಿರಾಡುವ ಮೇಲ್ಮೈಯೇ ಮುಚ್ಚಿಹೋಗುತ್ತದೆ. ಆ ಲೋಳೆ ಬರಿಯ ತೇವವಲ್ಲ. ಅದರಲ್ಲಿ ರೋಗಾಣುಗಳನ್ನು ಕೊಲ್ಲುವ ಪ್ರೋಟೀನುಗಳಿವೆ, ಒಳ್ಳೆಯ ಬ್ಯಾಕ್ಟೀರಿಯಾಗಳ ವಾಸವಿದೆ. ಕೆಂಬೆನ್ನಿನ ಸಲಮಾಂಡರ್‌ನ ಚರ್ಮದಲ್ಲಿ ಸಿಗುವ ಒಂದು ಬ್ಯಾಕ್ಟೀರಿಯಾ ನೇರಳೆ ಬಣ್ಣದ ವಸ್ತುವೊಂದನ್ನು ತಯಾರಿಸುತ್ತದೆ, ಅದು ಚರ್ಮಕ್ಕೆ ತಗಲುವ ಮಾರಕ ಶಿಲೀಂಧ್ರವನ್ನು ತಡೆಯುತ್ತದೆ. ಹುಟ್ಟಿನಿಂದ ಬಂದ ಇಂಥ ಔಷಧವನ್ನು ಒರೆಸಿ ನಮ್ಮ ಔಷಧ ಹಚ್ಚುವುದು ಲಾಭದ ವ್ಯಾಪಾರವಲ್ಲ.

ಈ ಪಾಠವನ್ನು ನಾನು ಕಲಿತದ್ದು ಒಂದು ಪ್ರಾಣಿಯ ಜೀವ ತೆತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಸು, ಎಮ್ಮೆ, ಕುರಿ, ನಾಯಿಗಳನ್ನು ಓದಿಕೊಂಡು ಈ ದೇಶಕ್ಕೆ ಬಂದವಳು. ತರಬೇತಿಯ ಮೊದಲ ವಸಂತದಲ್ಲಿ ಒಬ್ಬರು ತೋಟದ ಸಲಿಕೆ ತಾಗಿದ ಕೆಂಬೆನ್ನಿನ ಸಲಮಾಂಡರ್ ತಂದರು. ಬೆನ್ನಿನ ಮೇಲೆ ಒಂದು ಸಣ್ಣ ಗೀರು, ಅಷ್ಟೇ. ನಾಯಿಯ ಗಾಯಕ್ಕೆ ಬಳಸುವ ಅಯೋಡಿನ್ ದ್ರಾವಣವನ್ನು ಅದೇ ಕೈಯಲ್ಲಿ ಅದಕ್ಕೂ ಹಚ್ಚಿದೆ. ಸಂಜೆಗೆ ಅದು ಸತ್ತಿತ್ತು. ಏನೂ ಮಾಡದೆ ಒದ್ದೆ ಎಲೆಯ ಕೆಳಗೆ ಬಿಟ್ಟಿದ್ದರೆ ಆ ಗೀರು ತಾನಾಗಿಯೇ ಕೂಡಿಕೊಳ್ಳುತ್ತಿತ್ತು. ಅಂದಿನಿಂದ ಪ್ರತಿ ಬಾರಿ ಬಾಟಲಿಗೆ ಕೈ ಚಾಚುವ ಮೊದಲು ಇದು ನಿಜವಾಗಿಯೂ ಬೇಕೇ ಎಂದು ಕೇಳಿಕೊಳ್ಳುತ್ತೇನೆ.

ಮನೆಯ ಔಷಧಿ ಡಬ್ಬಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು ನೋವು ನಿವಾರಕ ಬೆರೆಸಿದ ಮುಲಾಮು. ಹಲ್ಲುನೋವಿಗೆ, ತರಚು ಗಾಯಕ್ಕೆ ಹಚ್ಚುವ ಕೆಲವು ಜೆಲ್‌ಗಳಲ್ಲಿ ಬೆಂಜೊಕೇನ್ ಇರುತ್ತದೆ. ಉಳಿಸಲಾಗದ ಕಪ್ಪೆ, ಸಲಮಾಂಡರ್‌ಗಳಿಗೆ ನೋವಿಲ್ಲದ ಸಾವು ಕೊಡಲು ನಾವು ವೈದ್ಯರು ಬಳಸುವ ಔಷಧಗಳಲ್ಲಿ ಅದೂ ಒಂದು. ಅದೇ ಪದಾರ್ಥವನ್ನು ಮಮತೆಯಿಂದ ಗಾಯಕ್ಕೆ ಸವರಿದವರನ್ನು ಕಂಡಿದ್ದೇನೆ. ಹೈಡ್ರೊಜನ್ ಪೆರಾಕ್ಸೈಡ್, ಸ್ಪಿರಿಟ್, ಉಪ್ಪುನೀರು ಇವೂ ಬೇಡ. ವೈದ್ಯರು ಬಳಸುವ ಒಂದು ಲವಣ ದ್ರಾವಣವಿದೆ ನಿಜ, ಆದರೆ ಅದರಲ್ಲಿ ಪ್ರತಿ ಲವಣದ ತೂಕವೂ ಗ್ರಾಂ ಲೆಕ್ಕದಲ್ಲಿ ಕರಾರುವಾಕ್ಕಾಗಿರಬೇಕು. ಚಿಟಿಕೆ ಉಪ್ಪಿನ ಅಂದಾಜಿಗೆ ಅಲ್ಲಿ ಜಾಗವಿಲ್ಲ.

ಚಳಿಯಾಗಿರಬಹುದೆಂದು ಹೀಟರ್ ಬಳಿ ಇಡುವುದು ಇನ್ನೊಂದು ತಪ್ಪು. ಸಲಮಾಂಡರ್ ಬೆಂಕಿಯಲ್ಲಿ ಹುಟ್ಟುತ್ತದೆ, ಬೆಂಕಿಯನ್ನೂ ಆರಿಸುತ್ತದೆ ಎಂದು ಯುರೋಪಿನಲ್ಲಿ ಶತಮಾನಗಳ ಕಾಲ ನಂಬಿದ್ದರು. ಒಲೆಗೆ ಹಾಕಿದ ಹಳೆಯ ಕೊರಡಿನೊಳಗೆ ಅಡಗಿದ್ದ ಪ್ರಾಣಿ ಬಿಸಿ ತಾಳಲಾರದೆ ಹೊರಗೆ ಓಡಿ ಬಂದದ್ದನ್ನು ನೋಡಿ ಹುಟ್ಟಿದ ನಂಬಿಕೆ ಇರಬೇಕು. ನಿಜದಲ್ಲಿ ನಮಗೆ ಹಿತವೆನಿಸುವ 22 ಡಿಗ್ರಿಯೇ ಅದಕ್ಕೆ ಸೆಖೆ. 10ರಿಂದ 15 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಾಯೆನಿಸುವ ಹವೆ. ನಮ್ಮ ಅಂಗೈಯ 30ಕ್ಕೂ ಮೀರಿದ ಬಿಸಿ ಅದಕ್ಕೆ ಕಾದ ಬಂಡೆಯ ಹಾಗೆ. ಮಗನಿಗೆ ಇದನ್ನು ಹೇಳಿ, ಅವನು ತಾನಾಗಿಯೇ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ.

ತಿನ್ನುತ್ತಿಲ್ಲ ಎಂಬ ಚಿಂತೆಯನ್ನಂತೂ ಬಿಟ್ಟುಬಿಡಿ. ತಣ್ಣನೆಯ ಹವೆಯಲ್ಲಿ ವಾರಗಟ್ಟಲೆ ಉಪವಾಸ ಇರಬಲ್ಲ ಪ್ರಾಣಿ ಅದು. ಬಾಯಿ ಬಿಡಿಸಿ ತಿನ್ನಿಸಲು ಹೋದರೆ ದವಡೆ ಮುರಿಯುತ್ತದೆ.

ಇನ್ನು ನೀವೆಲ್ಲರೂ ಕಾತರದಿಂದ ಕಾಯುತ್ತಿರುವ ಪ್ರಶ್ನೆ. ಹೌದು, ಬಾಲ ಬೆಳೆಯುತ್ತದೆ. ಹೋದ ಎರಡು ಬೆರಳುಗಳೂ ಬೆಳೆಯುತ್ತವೆ. ಇಡೀ ಕಾಲೇ ಹೋಗಿದ್ದರೂ ಮೂಳೆ, ಸ್ನಾಯು, ನರಗಳ ಸಮೇತ ಮತ್ತೊಂದು ಕಾಲು ಬರಬಹುದಿತ್ತು. ಇಟಲಿಯ ವಿಜ್ಞಾನಿ ಲಾಜರೊ ಸ್ಪಲ್ಲಾಂಜಾನಿ 1768ರಲ್ಲಿ ಇದನ್ನು ಮೊದಲ ಬಾರಿಗೆ ವಿವರವಾಗಿ ಬರೆದಿಟ್ಟ. ಅಲ್ಲಿಂದ ಇಂದಿನವರೆಗೆ ವಿಜ್ಞಾನಿಗಳು ಇದರ ಬೆನ್ನು ಹತ್ತಿದ್ದಾರೆ. ನಮ್ಮ ಮನೆಯ ಹಲ್ಲಿಯೂ ಬಾಲ ಬೆಳೆಸಿಕೊಳ್ಳುತ್ತದಲ್ಲ ಎನ್ನಬಹುದು. ಆದರೆ ಹಲ್ಲಿಯ ಹೊಸ ಬಾಲದಲ್ಲಿ ಬೆನ್ನುಮೂಳೆಯ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಒಂದು ಕೊಳವೆ ಮಾತ್ರ. ಸಲಮಾಂಡರ್ ಮಣಿಗಳನ್ನೂ ಅವುಗಳೊಳಗಿನ ಬೆನ್ನುಹುರಿಯನ್ನೂ ಮತ್ತೆ ಕಟ್ಟುತ್ತದೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ದೊಡ್ಡವಾದ ಮೇಲೂ ಕೈಕಾಲುಗಳನ್ನು ಹೀಗೆ ಪೂರ್ತಿಯಾಗಿ ಮರಳಿ ಪಡೆಯುವ ಶಕ್ತಿ ಇವುಗಳಷ್ಟು ಮತ್ತಾರಿಗೂ ಇಲ್ಲ.

ಇದು ನಡೆಯುವ ಬಗೆಯನ್ನು ಅರಿತರೆ ಗಾಯವನ್ನು ಏಕೆ ಕಟ್ಟಬಾರದು ಎಂಬುದೂ ತಿಳಿಯುತ್ತದೆ. ಅಂಗ ತುಂಡಾದ ಒಂದು ದಿನದೊಳಗೆ ಸುತ್ತಲಿನ ಚರ್ಮದ ಕೋಶಗಳು ಸರಿದು ಬಂದು ಗಾಯದ ಮೇಲೆ ತೀರಾ ತೆಳುವಾದ ಪರೆ ಹೊದಿಸುತ್ತವೆ. ಆ ಪರೆ ತನ್ನ ಕೆಳಗಿನ ಕೋಶಗಳಿಗೆ ಸೂಚನೆಗಳನ್ನು ಕಳುಹಿಸುತ್ತದೆ. ಆಗ ಅಲ್ಲಿನ ಅಂಗಾಂಶದ ಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು, ಮೊಗ್ಗಿನ ಹಾಗೆ ಒಟ್ಟುಗೂಡಿ, ಹೊಸ ಅಂಗವನ್ನು ಬೆಳೆಸಲು ತೊಡಗುತ್ತವೆ. ಪ್ರಯೋಗಾಲಯದಲ್ಲಿ ತುಂಡಾದ ಜಾಗದ ಮೇಲೆ ಪೂರ್ಣ ಚರ್ಮವನ್ನು ಎಳೆದು ಹೊಲಿದಾಗ ಅಂಗ ಬೆಳೆಯಲೇ ಇಲ್ಲ. ಎಂದರೆ, ನಾಯಿಗೆ ಅಥವಾ ನಮಗೆ ಮಾಡುವ ಅಚ್ಚುಕಟ್ಟಾದ ಶಸ್ತ್ರಚಿಕಿತ್ಸೆಯೇ ಇಲ್ಲಿ ಅಡ್ಡಿ. ಬ್ಯಾಂಡೇಜು ಕಟ್ಟುವುದು, ಅಂಟು ಹಚ್ಚುವುದು, ಜಜ್ಜಿದ ತುದಿಯನ್ನು ಕತ್ತರಿಯಿಂದ ನೀವೇ ಕತ್ತರಿಸುವುದು ಯಾವುದೂ ಬೇಡ. ಜಜ್ಜಿದ ಭಾಗ ಕಪ್ಪಾಗಿ ತಾನೇ ಉದುರುತ್ತದೆ. ಅದರ ಹಿಂದೆ ಬುಡದವರೆಗೂ ಕಪ್ಪು ಹರಡುತ್ತಾ ಹೋದರೆ ಮಾತ್ರ ವೈದ್ಯರು ನೋಡಬೇಕು.

ಎಷ್ಟು ದಿನ ಬೇಕು ಎಂದರೆ, ನೀರಿನಲ್ಲಿರುವ ಮರಿಗಳಿಗೆ ಕೆಲವು ವಾರ ಸಾಕು. ನಿಮ್ಮ ಅತಿಥಿಯಂಥ ದೊಡ್ಡ ಪ್ರಾಣಿಗೆ ಹಲವು ತಿಂಗಳುಗಳು ಬೇಕು, ಇಡೀ ಕಾಲಾದರೆ ವರ್ಷದ ಸಮೀಪವೂ ಆಗಬಹುದು. "ವಾಸಿಯಾಗುವವರೆಗೆ ಸಾಕೋಣ" ಎಂಬ ಮಗನ ಆಸೆಯ ಅರ್ಥ ಅದನ್ನು ಒಂದು ವರ್ಷ ಪೆಟ್ಟಿಗೆಯಲ್ಲಿ ಇಡುವುದು. ಅಷ್ಟರಲ್ಲಿ ಒಂದು ಸಂತಾನದ ಕಾಲ ಕಳೆದುಹೋಗಿರುತ್ತದೆ. ಬಾಲ ಬೆಳೆಯಲು ಅದು ನಿಮ್ಮ ಮನೆಯಲ್ಲಿ ಇರಬೇಕಾಗಿಲ್ಲ. ಎರೆಹುಳು, ಗೊಣ್ಣೆಹುಳು ಸಿಗುವ ತನ್ನ ಬಿಲದಲ್ಲಿ ಅದು ಇನ್ನೂ ಚೆನ್ನಾಗಿ ಬೆಳೆಯುತ್ತದೆ. ಬಾಲದಲ್ಲಿ ಕೊಬ್ಬಿನ ದಾಸ್ತಾನು ಇರುವುದರಿಂದ ತುಂಡಾದ ಪ್ರಾಣಿಗೆ ಈ ವರ್ಷ ತುಸು ಕಷ್ಟದ್ದೇ. ಆದರೆ ಹೋಗಿರುವುದು ತುದಿ ಮಾತ್ರ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ನಾನು ನಿಮ್ಮ ಜಾಗದಲ್ಲಿದ್ದರೆ ನಾಳೆ ರಾತ್ರಿಯೇ ಬಿಡುತ್ತೇನೆ. ನಾಳೆ ಮಳೆಯ ಸೂಚನೆ ಇದೆ ಎಂದು ಬರೆದಿದ್ದೀರಿ, ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಬಿಡುವ ಮೊದಲು ಒಂದೇ ಒಂದು ಪರೀಕ್ಷೆ. ಕೈಗವಸು ಹಾಕಿಕೊಂಡು ಅದನ್ನು ಒದ್ದೆ ಟವೆಲ್ ಮೇಲೆ ಮೆಲ್ಲನೆ ಅಂಗಾತ ಮಾಡಿ. ಕೆಲವೇ ಕ್ಷಣಗಳಲ್ಲಿ ಹೊರಳಿ ಕಾಲೂರಿದರೆ ನರಗಳೂ ಬೆನ್ನೂ ಸರಿಯಾಗಿವೆ ಎಂದರ್ಥ. ಒಂದು ಸಲ ಸಾಕು, ಮತ್ತೆ ಮತ್ತೆ ಬೇಡ. ಹೊರಗಿನ ಹವೆ ಹೆಪ್ಪುಗಟ್ಟುವಷ್ಟು ತಣ್ಣಗಿರಬಾರದು. ಸಿಕ್ಕಾಗ ಅದರ ತಲೆ ರಸ್ತೆಯ ಕಡೆ, ಅಂದರೆ ನೀರು ನಿಂತ ತಗ್ಗಿನ ಕಡೆ ಇತ್ತು ಎಂದಿರಿ. ಆದ್ದರಿಂದ ರಸ್ತೆ ದಾಟಿಸಿ ಆಚೆ ಬದಿಯ ಎಲೆಗೊಬ್ಬರದಲ್ಲಿ, ಒಂದು ಕೊರಡಿನ ಪಕ್ಕದಲ್ಲಿ ಬಿಡಿ. ನೀರಿನೊಳಗೆ ಹಾಕಬೇಡಿ. ಸೋತ ಪ್ರಾಣಿ ಆಳದ ನೀರಿನಲ್ಲಿ ಮುಳುಗಿಯೂ ಹೋಗಬಹುದು. ನಡೆಯಬೇಕಾದ ಕೊನೆಯ ಮಾರುದೂರವನ್ನು ಅದೇ ನಡೆಯಲಿ. ದೊಡ್ಡ ಕೆರೆ ಇದೆ, ಚೆಂದದ ಉದ್ಯಾನ ಇದೆ ಎಂದು ಬೇರೆಡೆಗೆ ಒಯ್ಯುವುದಂತೂ ಕೂಡದು. ಕೆರೆಯಲ್ಲಿ ಮೀನುಗಳಿರುತ್ತವೆ, ಅದು ಹುಡುಕುವುದು ತನ್ನ ಹೊಂಡವನ್ನೇ. ಪರ ಊರಿನಲ್ಲಿ ಬಿಟ್ಟರೆ ಬಿಲ ಕಾಣದೆ ಅಲೆದು ಸಾಯುತ್ತದೆ.

ಇದರಲ್ಲಿ ಅಪಾಯವಿಲ್ಲವೇ ಎಂದರೆ ಇದೆ. ತೆರೆದ ಗಾಯಕ್ಕೆ ಶಿಲೀಂಧ್ರ ಹತ್ತಬಹುದು, ರಕೂನ್ ಹಿಡಿಯಬಹುದು. ಆದರೆ ಪೆಟ್ಟಿಗೆಯಲ್ಲಿ ತನ್ನದೇ ಹೊಲಸಿನ ಮೇಲೆ ಕೂತ ಪ್ರಾಣಿಗೆ ಸೋಂಕು ತಗಲುವ ಸಂಭವ ಅದಕ್ಕಿಂತ ಹೆಚ್ಚು ಎಂಬುದು ನನ್ನ ಅನುಭವ. ನಾಳೆ ಮಳೆ ಬಾರದೆ ಇನ್ನೊಂದೆರಡು ದಿನ ಇಡಬೇಕಾದರೆ ಟವೆಲನ್ನು ದಿನವೂ ಬದಲಾಯಿಸಿ, ಮುಚ್ಚಳದಲ್ಲಿ ಗಾಳಿಗೆ ರಂಧ್ರಗಳಿರಲಿ, ಪೆಟ್ಟಿಗೆಯ ತಳದಲ್ಲಿ ನೀರು ನಿಲ್ಲದಿರಲಿ.

ಎರಡನೆಯ ದಾರಿ, ಪರವಾನಗಿ ಪಡೆದ ವನ್ಯಜೀವಿ ಆರೈಕೆದಾರರಿಗೆ ಒಪ್ಪಿಸುವುದು. ಹೊರಳಿ ಏಳಲಾರದಿದ್ದರೆ, ಹೊಟ್ಟೆ ಅಥವಾ ತೊಡೆಯ ಚರ್ಮ ಕೆಂಪಾದರೆ, ಮೈ ಊದಿಕೊಂಡರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಗಾಯದ ಮೇಲೆ ಹತ್ತಿಯಂಥ ಬಿಳಿ ಎಳೆ ಕಂಡರೆ ಕಾಯದೆ ಇದನ್ನೇ ಮಾಡಿ. ನ್ಯೂಜೆರ್ಸಿಯ ಮೀನು ಮತ್ತು ವನ್ಯಜೀವಿ ಇಲಾಖೆ ಇಂಥವರ ಪಟ್ಟಿ ಪ್ರಕಟಿಸುತ್ತದೆ. ಅವರಲ್ಲಿ ಹೆಚ್ಚಿನವರು ಹಕ್ಕಿ, ಅಳಿಲು ನೋಡುವವರು. ಹೊರಡುವ ಮೊದಲು ಫೋನ್ ಮಾಡಿ, ಸಲಮಾಂಡರ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿಕೊಳ್ಳಿ. ಪರವಾನಗಿಯಿಲ್ಲದೆ ಕಾಡುಪ್ರಾಣಿಯನ್ನು ಮನೆಯಲ್ಲಿಟ್ಟು ಆರೈಕೆ ಮಾಡುವುದಕ್ಕೆ ಅಲ್ಲಿ ಕಾನೂನಿನ ಒಪ್ಪಿಗೆ ಇಲ್ಲ ಎಂಬುದನ್ನೂ ಗಮನದಲ್ಲಿಡಿ. ಒಂದೆರಡು ರಾತ್ರಿ ಜೋಪಾನವಾಗಿಟ್ಟು ಬಿಟ್ಟುಬಿಡುವುದೇ ಬೇರೆ, ತಿಂಗಳುಗಟ್ಟಲೆ ಇಟ್ಟುಕೊಳ್ಳುವುದೇ ಬೇರೆ.

ಮೂರನೆಯದು ಹೇಳಲು ಕಷ್ಟದ ಮಾತು, ನಿಮ್ಮ ಪ್ರಾಣಿಗೆ ಅಗತ್ಯವೂ ಇಲ್ಲ. ಆದರೆ ಬೇರೆ ಓದುಗರಿಗೆ ಬೇಕಾಗಬಹುದು. ಕರುಳು ಹೊರಬಂದ, ಬೆನ್ನು ಮುರಿದ, ತಲೆ ಜಜ್ಜಿದ ಪ್ರಾಣಿಯನ್ನು ಫ್ರೀಜರಿನಲ್ಲಿಟ್ಟರೆ ಮೆಲ್ಲನೆ ನಿದ್ರೆಗೆ ಜಾರಿ ಸಾಯುತ್ತದೆ ಎಂದು ಕೆಲವರು ನಂಬುತ್ತಾರೆ. ಅದು ನಿದ್ರೆಯಲ್ಲ. ಇನ್ನೂ ಅರಿವಿರುವ ಮೈಯೊಳಗೆ ಮಂಜಿನ ಹರಳು ಕಟ್ಟುತ್ತಾ ಹೋಗುತ್ತದೆ. ಕಪ್ಪೆ, ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಒಯ್ಯಿರಿ. ನೋವಿಲ್ಲದೆ ಬೀಳ್ಕೊಡಲು ಅವರಲ್ಲಿ ಔಷಧವಿದೆ.

ಮನೆಯಲ್ಲಿ ಇಟ್ಟುಕೊಳ್ಳಬಾರದು ಎನ್ನಲು ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಉಭಯವಾಸಿಗಳನ್ನು ಪ್ರಪಂಚದಾದ್ಯಂತ ಕೊಲ್ಲುತ್ತಿರುವ ಚರ್ಮದ ಶಿಲೀಂಧ್ರವೊಂದನ್ನು 1999ರಲ್ಲಿ ಹೆಸರಿಸಿ ವಿವರಿಸಿದರು. ಅದರದೇ ಸಂಬಂಧಿಯಾದ, ಸಲಮಾಂಡರ್‌ಗಳನ್ನೇ ಮುಖ್ಯವಾಗಿ ಕಾಡುವ ಇನ್ನೊಂದು ಶಿಲೀಂಧ್ರ 2013ರಲ್ಲಿ ಬೆಳಕಿಗೆ ಬಂತು. ಏಷ್ಯಾದಿಂದ ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಯುರೋಪಿಗೆ ತಲುಪಿತೆಂದು ನಂಬಲಾದ ಅದು ನೆದರ್ಲೆಂಡ್ಸ್‌ನ ಬೆಂಕಿ ಸಲಮಾಂಡರ್‌ಗಳನ್ನು ಕೆಲವೇ ವರ್ಷಗಳಲ್ಲಿ ಬಹುತೇಕ ಅಳಿಸಿಹಾಕಿತು. ಅದು ಒಳಗೆ ಬರದಿರಲೆಂದೇ ಅಮೆರಿಕ ಸರ್ಕಾರ 2016ರಲ್ಲಿ 201 ಜಾತಿಯ ಸಲಮಾಂಡರ್‌ಗಳ ಆಮದನ್ನು ನಿಷೇಧಿಸಿತು. ಮನೆಯಲ್ಲಿ ಸಾಕಿದ ಕಪ್ಪೆ, ಆಕ್ಸೊಲಾಟಲ್ ಎಂಬ ನೀರಿನ ಸಲಮಾಂಡರ್ ಇರುವವರು ಅವುಗಳ ತೊಟ್ಟಿ, ಬಲೆ, ನೀರು ಯಾವುದನ್ನೂ ಕಾಡಿನ ಪ್ರಾಣಿಗೆ ತಾಗಿಸಬಾರದು. ಪೆಟ್ಟಿಗೆಯಲ್ಲಿ ಉಳಿದ ಟವೆಲ್, ಎಲೆಗಳನ್ನು ಹೊಂಡಕ್ಕೆ ಎಸೆಯದೆ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1970ರ ದಶಕದಲ್ಲಿ ಲೆಕ್ಕ ಹಾಕಿದಾಗ, ಅಲ್ಲಿನ ಸಲಮಾಂಡರ್‌ಗಳ ಒಟ್ಟು ತೂಕ ಹಕ್ಕಿಗಳ ಒಟ್ಟು ತೂಕವನ್ನು ಮೀರಿತ್ತು, ಇಲಿಗಳಂಥ ಸಣ್ಣ ಸಸ್ತನಿಗಳ ತೂಕಕ್ಕೆ ಸಮನಾಗಿತ್ತು. ಕಣ್ಣಿಗೆ ಬೀಳದೆ ಕಾಡನ್ನು ತುಂಬಿರುವ ಇಷ್ಟು ಜೀವಗಳಿಗೆ ಒಂದು ಮನೆಯ ಪೆಟ್ಟಿಗೆಯಿಂದ ರೋಗ ಅಂಟಬಾರದು ಎಂಬುದೇ ನನ್ನ ಆತಂಕ.

ಕೊನೆಯದಾಗಿ ಮಗನಿಗೆ ಒಂದು ಕೆಲಸ. ನಾಳೆ ಬಿಡುವ ಮೊದಲು ಪೆಟ್ಟಿಗೆಯ ಮೇಲಿನಿಂದ ನೇರವಾಗಿ, ಫ್ಲ್ಯಾಷ್ ಇಲ್ಲದೆ, ಅದರ ಬೆನ್ನಿನ ಒಂದು ಚಿತ್ರ ತೆಗೆಯಲಿ. ನಮ್ಮ ಬೆರಳಚ್ಚಿನ ಹಾಗೆ ಒಂದೊಂದು ಸಲಮಾಂಡರ್‌ಗೂ ಹಳದಿ ಚುಕ್ಕೆಗಳ ವಿನ್ಯಾಸ ಬೇರೆ. ಸಂಶೋಧಕರು ಅವುಗಳನ್ನು ಗುರುತಿಸುವುದೇ ಇಂಥ ಚಿತ್ರಗಳಿಂದ. ತಲೆಯ ಮೇಲೆ ಎಷ್ಟು ಚುಕ್ಕೆ, ಎಡಸಾಲಿನಲ್ಲಿ ಎಷ್ಟು, ಬಲಸಾಲಿನಲ್ಲಿ ಎಷ್ಟು ಎಂದು ಎಣಿಸಿ ದಿನಾಂಕದ ಜೊತೆ ಬರೆದಿಟ್ಟುಕೊಳ್ಳಲಿ. ಬರುವ ಮಾರ್ಚ್‌ನ ಮೊದಲ ಮಳೆ ರಾತ್ರಿ ಕಾರನ್ನು ಹೊರಗೆ ತೆಗೆಯದೆ, ಟಾರ್ಚ್ ಹಿಡಿದು ಅಪ್ಪ, ಅಜ್ಜಿಯ ಜೊತೆ ಡ್ರೈವ್‌ವೇ ಅಂಚಿನಲ್ಲಿ ನಿಂತು ನೋಡಲಿ. ಬಾಲದ ತುದಿಯಲ್ಲಿ ಮಾತ್ರ ಚುಕ್ಕೆಗಳ ಲೆಕ್ಕ ತಪ್ಪಬಹುದು, ಅದು ಹೊಸದಾಗಿ ಬಂದದ್ದು.